ಬರೆದ ಕುರಿಮರಿ

"ತಾತಾ, ಕುರಿ! ಕುರಿ ಬಂತು ನೋಡು!"

ಎದೆಮಟ್ಟದ ಗೋಡೆಯಾಚೆ, ಗಂಡಸರ ಕಡೆಯಿಂದ, ಗಾದಿ ಕಿರುಚಿದ್ದು ಟಾಕೀಸಿಗೆಲ್ಲ ಕೇಳಿಸಿತು. ಹೆಂಗಸರ ಕಡೆ ಬೆಂಚಿನ ತುದಿಯಲ್ಲಿ ಕೂತಿದ್ದ ಉರುಕುಂದಮ್ಮ ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು. ಗಾದಿ ಅವಳ ಐದು ವರ್ಷದ ಮಗಳು. ಆ ತಾತ ಉರುಕುಂದಮ್ಮನ ಹೆತ್ತಪ್ಪ ಉಚ್ಚೀರಪ್ಪ. ಮಗಳು ಕಿರುಚಿದ್ದಕ್ಕೆ ತಾಯಿ ನಾಚಬೇಕಾದ್ದೇನೂ ಇರಲಿಲ್ಲ, ಅಲ್ಲಿದ್ದ ಹುಡುಗರೆಲ್ಲ ಕಿರುಚುತ್ತಲೇ ಇದ್ದರು. ಅವಳಿಗೆ ಚುಚ್ಚಿದ್ದು ಆ 'ತಾತಾ' ಅನ್ನುವ ಮಾತು. ಯಾಕೆಂದರೆ ಪಕ್ಕದಲ್ಲೇ ಜಂಬಮ್ಮ ಕೂತಿದ್ದಳು.

ಆದೋನಿಯ ಸ್ಟೇಷನ್ ರಸ್ತೆಯ ತಗಡಿನ ಟಾಕೀಸಿನಲ್ಲಿ ಅವತ್ತು ಭಾನುವಾರ ಬೆಳಗಿನ ಆಟ. ಬರೆದ ಚಿತ್ರಗಳೇ ಎದ್ದು ಓಡಾಡುವ ಗೊಂಬಿ ಸಿನಿಮಾ ಬಂದಿದೆ, ಹುಡುಗರಿಗೆ ತೋರಿಸಬೇಕು ಎಂದು ಊರೆಲ್ಲ ಮಾತು. ಹುಡುಗರಿಗೆ ಎಂದು ಹೇಳಿಕೊಂಡು ಬಂದ ದೊಡ್ಡವರೇ ಅರ್ಧ ಟಾಕೀಸು ತುಂಬಿದ್ದರು. ಮನೆಯಲ್ಲಿ ಮಕ್ಕಳಿಲ್ಲದವರು ಪಕ್ಕದ ಮನೆಯ ಮಕ್ಕಳನ್ನು ಎರವಲು ತಂದಿದ್ದರು ಅಂದರೆ ನೋಡಿ! ಜಂಬಮ್ಮ ಕೂಡ ಮೈದುನನ ಹುಡುಗರನ್ನು ಮುಂದೆ ಮಾಡಿಕೊಂಡು ಬಂದವಳೇ. ಅವಳಿಗೆ ಮಕ್ಕಳಿರಲಿಲ್ಲ.

ಜಂಬಮ್ಮ ಹತ್ತಿಯ ಬೀಜ ಬಿಡಿಸುವ ಜಿನ್ನಿನ ಹೆಡ್ ಗುಮಾಸ್ತರ ಹೆಂಡತಿ. ಉರುಕುಂದಮ್ಮನ ಗಂಡ ಭೀಮಲಿಂಗಪ್ಪ ಅದೇ ಜಿನ್ನಿನಲ್ಲಿ ತೂಕ ಬರೆಯುವವನು. ಉರುಕುಂದಮ್ಮ ಮದುವೆಯಾಗಿ ಆದೋನಿಗೆ ಬಂದ ಹೊಸದರಲ್ಲಿ ಜಂಬಮ್ಮ ಅವಳನ್ನು ಕರೆದು ಕೂರಿಸಿಕೊಂಡು, "ನಿಮ್ಮ ತಂದಿ ಏನು ಮಾಡ್ತಾರಮ್ಮಾ?" ಎಂದು ಕೇಳಿದ್ದಳು. ಕುರಿ ಕಾಯುತ್ತಾನೆ ಎನ್ನಲು ಉರುಕುಂದಮ್ಮನ ನಾಲಿಗೆ ಹೊರಳಲಿಲ್ಲ. "ಹಾಲಹರವಿ ಕಡಿ ಹೊಲ ಮನಿ ಅದಾವಕ್ಕ, ದೊಡ್ಡ ಒಕ್ಕಲುತನ" ಎಂದುಬಿಟ್ಟಳು. ಒಮ್ಮೆ ಆಡಿದ ಮೇಲೆ ಆ ಸುಳ್ಳನ್ನು ಸಾಕಬೇಕಲ್ಲ! ಮಾತಿನಲ್ಲೇ ಜೋಳದ ರಾಶಿ ಬಂತು, ಎತ್ತಿನ ಜೋಡಿ ಬಂತು, ಸಂಬಳದ ಆಳುಗಳೂ ಬಂದರು. ಜಂಬಮ್ಮ ಹಬ್ಬಕ್ಕೆ ಕರೆಯುವ ನಾಲ್ಕು ಹೆಂಗಸರ ಪೈಕಿ ಉರುಕುಂದಮ್ಮನೂ ಒಬ್ಬಳಾದಳು. ಅವಳಿಗೆ ಆ ಊರಿನಲ್ಲಿ ಇದ್ದದ್ದು ಅದೊಂದೇ ಮರ್ಯಾದೆ.

ಅಂಥದ್ದರಲ್ಲಿ ಅವತ್ತು ಬೆಳಗ್ಗೆ, ಸಿನಿಮಾಕ್ಕೆ ಹೊರಡುವ ಹೊತ್ತಿಗೆ ಸರಿಯಾಗಿ, ಅಪ್ಪ ಬಾಗಿಲಲ್ಲಿ ನಿಂತಿದ್ದ. ಹೆಗಲ ಮೇಲೆ ಕರಿ ಕಂಬಳಿ, ಕೈಯಲ್ಲಿ ಕೋಲು, ಮೈಯೆಲ್ಲ ಹಟ್ಟಿಯ ವಾಸನೆ. "ಕೂಸಿನ್ನ ನೋಡಿ ಭಾಳ ದಿನ ಆಗಿತ್ತವ್ವ, ಬಂದ್ಬಿಟ್ಟೆ" ಅಂದ. ಗಾದಿ ಹೋಗಿ ಅವನ ಕಾಲಿಗೆ ತೆಕ್ಕೆ ಬಿದ್ದವಳು ಬಿಡಲೇ ಇಲ್ಲ. ತಾತ ಬರದಿದ್ದರೆ ತಾನೂ ಸಿನಿಮಾಕ್ಕೆ ಬರುವುದಿಲ್ಲ ಎಂದು ಹಟ ಹಿಡಿದಳು. ಗಂಡ ಜಿನ್ನಿಗೆ ಹೋಗಿದ್ದ. ಹತ್ತಿಯ ಸುಗ್ಗಿಯಲ್ಲಿ ಅವನಿಗೆ ಭಾನುವಾರವೂ ಇಲ್ಲ. ಹೋಗಲಿ, ಗಂಡಸರ ಕಡೆ ಕತ್ತಲಲ್ಲಿ ಕೂತರೆ ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡು ಉರುಕುಂದಮ್ಮ ಇಬ್ಬರನ್ನೂ ಕರೆತಂದಳು. ಮಗಳು ಅತ್ತರೆ ಇತ್ತ ಎತ್ತಿಕೊಳ್ಳಬಹುದು ಎಂದು ಅಪ್ಪನನ್ನು ಗೋಡೆಗೆ ಒತ್ತಿಯೇ ನೆಲದ ಮೇಲೆ ಕೂರಿಸಿದಳು. ತಾನು ಬಂದು ಈಚೆ ಕೂತ ಮೇಲೆ ನೋಡಿದರೆ, "ಜರುಗಮ್ಮಾ" ಎನ್ನುತ್ತ ಪಕ್ಕದಲ್ಲಿ ಬಂದು ಕೂತವಳು ಜಂಬಮ್ಮ.

ಪರದೆಯ ಮೇಲೆ ಹಸಿರು ಗುಡ್ಡ, ಗುಡ್ಡದ ತುಂಬ ಬಿಳಿ ಕುರಿ. ಮಾತು ಯಾವ ದೇಶದ್ದೋ ಏನೋ, ಒಬ್ಬರಿಗೂ ತಿಳಿಯಲಿಲ್ಲ, ತಿಳಿಯುವ ಗರಜೂ ಬೀಳಲಿಲ್ಲ. ಮಳೆ, ಸಿಡಿಲು, ಹೊಳೆಯಲ್ಲಿ ಒಂದು ತಾಯಿ ಕುರಿ ಕೊಚ್ಚಿಹೋಯಿತು. ದಡದಲ್ಲಿ ಅದರ ಮರಿ ಉಳಿಯಿತು. ಇನ್ನೊಂದು ಕುರಿಗೆ ಹುಟ್ಟಿದ ಮರಿ ಹುಟ್ಟುತ್ತಲೇ ಸತ್ತಿತ್ತು. ತಬ್ಬಲಿ ಮರಿ ಹಸಿದು ಹೋಗಿ ಆ ಕುರಿಯ ಕೆಚ್ಚಲಿಗೆ ಬಾಯಿ ಹಾಕಿತು. ಕುರಿ ಝಾಡಿಸಿ ಒದ್ದಿತು. ಮರಿ ಗಾಳಿಯಲ್ಲಿ ಮೂರು ಲಾಗ ಹಾಕಿ ಕೆಸರಿನಲ್ಲಿ ಕಿವಿ ಊರಿ ನಿಂತಿತು!

ಹುಡುಗರು ಬಿದ್ದು ಬಿದ್ದು ನಕ್ಕರು. ಮರಿ ಮತ್ತೆ ಹೋಯಿತು, ಮತ್ತೆ ಒದೆ, ಮತ್ತೆ ಲಾಗ. ಹುಡುಗರಿಗೆ ಹೊಟ್ಟೆ ಹಿಡಿದುಕೊಳ್ಳುವಷ್ಟು ನಗು. ಆದರೆ ಬೆಂಚಿನ ಮೇಲಿನ ಹೆಂಗಸರು ಮೊದಲ ಒದೆಗೆ ನಕ್ಕವರು ಎರಡನೆಯದಕ್ಕೆ ಸುಮ್ಮನಾಗಿದ್ದರು. ಅದೇ ಮರಿ, ಅದೇ ಲಾಗ. ಜಂಬಮ್ಮ ಮೂಗು ಏರಿಸುವುದು ಕೇಳಿಸಿತು. "ಸುಡ್ಲಿ, ಹುಡುಗರ ಸಿನಿಮಾ ಅಂತ ಬಂದ್ರ..." ಎಂದು ಅವಳು ಅರ್ಧಕ್ಕೇ ನಿಲ್ಲಿಸಿದಳು. ಉರುಕುಂದಮ್ಮನೂ ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡಳು. ಒಂದು ಗಳಿಗೆ ಅವಳು ಭಯವನ್ನೇ ಮರೆತಿದ್ದಳು.

ಆಗಲೇ ಗೋಡೆಯಾಚೆ ಅಪ್ಪ ಎದ್ದು ನಿಂತ.

"ಏ ತಮ್ಮಾ! ಹಂಗ ನೋಡ್ಕಂತ ಯಾಕ ನಿಂತೀಯಲೇ?" ಎಂದು ಕೋಲು ಎತ್ತಿ ಪರದೆಯ ಮೇಲಿನ ಕುರುಬನನ್ನು ಗದರಿದ. ಬಣ್ಣದಲ್ಲಿ ಬರೆದ ಕುರುಬ, ಪಾಪ, ಗಲ್ಲದ ಮೇಲೆ ಕೈಯಿಟ್ಟು ನಿಂತಿದ್ದ. "ಸತ್ತ ಮರಿ ಚರ್ಮ ಸುಲಿಯೋ! ಸುಲುದು ಈ ಮರಿಗೆ ಹೊದಿಸೋ! ವಾಸನಿ ಹಿಡುದು ತನ್ನ ಮರೀನೇ ಅಂತ ಮಲಿ ಕೊಡ್ತೈತಿ! ಅಷ್ಟೂ ತಿಳಿವಲ್ದೇನು ನಿನಗ?"

ಟಾಕೀಸು ಹೋ ಎಂದಿತು. ಹಿಂದಿನಿಂದ ಯಾರೋ "ಕೂಚೋ ತಾತಾ, ಕೂಚೋ!" ಎಂದು ತೆಲುಗಿನಲ್ಲಿ ಕೂರಲು ಕೂಗಿ ಹೇಳಿದರು. ಇನ್ನೊಬ್ಬ, "ಹೋಗಿ ನೀನೇ ಹೊದಿಸಿ ಬಾ!" ಅಂದ. ಪರದೆಯ ಮೇಲೆ ಅಪ್ಪನ ತಲೆಯ ನೆರಳು ಕುರಿಗಳ ನಡುವೆ ದೊಡ್ಡದಾಗಿ ಬಿದ್ದಿತ್ತು. ಕೂತರೆ ಮುಗಿಯುತ್ತಿತ್ತು. ಆದರೆ ಉಚ್ಚೀರಪ್ಪನಿಗೆ ಜನ ತನ್ನ ಮಾತು ನಂಬಲಿಲ್ಲವಲ್ಲ ಎಂದೇ ಸಂಕಟ. ಈಚೆ ತಿರುಗಿ, ಎಲ್ಲರಿಗೂ ಕೇಳುವಂತೆ ದನಿ ಎತ್ತಿದ.

"ನಗಬ್ಯಾಡ್ರಿ! ನನ್ನ ಮಗಳಿಗೂ ಹಿಂಗ ಮಾಡೇ ಬದುಕಿಸೀನಿ. ಹೆತ್ತ ತಾಯಿ ಕಣ್ಣು ಮುಚ್ಚಿದ್ಲು. ಅದೇ ವಾರ ನಮ್ಮೂರ ಮಾರೆಮ್ಮನ ಕೂಸು ಹೋಗಿತ್ತು. ನನ್ನ ಕೂಸು ತಗೊಂಡೋದ್ರ ಆಕಿ ಮಾರಿ ತಿರುವಿದ್ಲು. ಆಮ್ಯಾಲ ಆಕಿ ಸತ್ತ ಕೂಸಿನ ಕುಲಾಯಿ ನನ್ನ ಮಗಳ ತಲಿಗೆ ಹಾಕಿ, ನಿದ್ದಿಗಣ್ಣಾಗ ಆಕಿ ಮಗ್ಗಲಾಗ ಮಲಗಿಸಿದೆ. ಎದಿಗೆ ಹಾಕ್ಕೊಂಡ್ಲರಿ! ಇಲ್ಲೇ ಕುಂತಾಳ ನನ್ನ ಮಗಳು, ಬೇಕಾರ ಕೇಳ್ರಿ!"

ನೆಲ ಬಾಯಿ ಬಿಟ್ಟಿದ್ದರೆ ಉರುಕುಂದಮ್ಮ ಆ ಕ್ಷಣವೇ ಇಳಿದುಹೋಗುತ್ತಿದ್ದಳು. ಈ ಕಥೆಯನ್ನು ಅವಳು ಹಟ್ಟಿಯಲ್ಲಿ, ಬಾವಿಕಟ್ಟೆಯಲ್ಲಿ, ತನ್ನ ಮದುವೆಯ ಚಪ್ಪರದಲ್ಲೂ ಕೇಳಿ ಸಾಕಾಗಿದ್ದವಳು. ಕುರಿಮರಿಗೆ ಮಾಡುವಂತೆ ಮಾಡಿ ಬದುಕಿಸಿದ ಹುಡುಗಿ! ಹೆಂಗಸರೆಲ್ಲ ಬೆಂಚಿನಿಂದ ಬೆಂಚಿಗೆ ಕತ್ತು ತಿರುಗಿಸಿ, ಆ ಮಗಳು ಯಾರು ಎಂದು ಹುಡುಕತೊಡಗಿದರು. ಗದ್ದಲದಲ್ಲಿ ಜಂಬಮ್ಮ ಕಿವಿಯ ಹತ್ತಿರ ಬಾಯಿ ತಂದು ಕೇಳಿದಳು:

"ಯಾರಮ್ಮಾ ಆ ಮುದುಕ? ಈ ಕಡಿ ಕೈ ಮಾಡಿ ತೋರಿಸ್ತಾನ. ನಿನಗೇನಾದ್ರೂ ಗೊತ್ತೇನು?"

"ಇಲ್ಲಕ್ಕ!" ಗದ್ದಲ ಮೀರಿ ಕೇಳಲೆಂದು ಉರುಕುಂದಮ್ಮ ದನಿ ಏರಿಸಿದಳು. ಅದೇ ಹೊತ್ತಿಗೆ ಪರದೆ ಫಕ್ಕನೆ ಬೆಳ್ಳಗಾಗಿ ರೀಲು ತುಂಡಾಯಿತು. ಹಾಡು, ನಗು, ಗದ್ದಲ ಎಲ್ಲ ಒಮ್ಮೆಗೇ ನಿಂತವು. ಅವಳ ಮಾತು ನಿಲ್ಲಲಿಲ್ಲ. "ಯಾವನೋ ಏನೋ, ಕುರುಬರ ಮುದುಕ. ನನಗ ಗುರ್ತೇ ಇಲ್ಲ!"

ದೀಪ ಹತ್ತಿತು. ಗೋಡೆಯಾಚೆ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ, ಅಪ್ಪನ ಮುಖ ಅವಳ ಕಡೆಗೇ ಇತ್ತು. ಎತ್ತಿದ ಕೋಲು ಎತ್ತಿದಂತೆಯೇ ಇತ್ತು. ಸಿಟ್ಟು ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು, ಬರಲಿಲ್ಲ. ಹಾದಿಯಲ್ಲಿ ಹೋಗುವಾಗ ತಪ್ಪಿ ಯಾರದೋ ಬಾಗಿಲೊಳಗೆ ಕಣ್ಣು ಹೋದವನಂತೆ ಆತ ಸರ್ರನೆ ಕಣ್ಣು ಕೆಳಗಿಳಿಸಿದ. ಕೋಲು ಇಳಿಸಿದ. ಕೂತ.

"ತಾತಾ, ಯಾಕ ಅಳ್ತೀ? ಮರಿ ಬಿದ್ರ ನಗು ಬರ್ತೈತಿ" ಎಂದು ಗಾದಿ ಕೇಳುತ್ತಿದ್ದಳು.

"ಅಳವಲ್ಲೆ ಕೂಸ, ಬೆಳಕು ಕಣ್ಣಿಗೆ ಹೊಡೀತು" ಅಂದ ಆತ.

ರೀಲು ಕೂಡಿಸಿ ಮತ್ತೆ ಬಿಟ್ಟರು. ಉರುಕುಂದಮ್ಮ ಪರದೆ ನೋಡಲಿಲ್ಲ. ಅಪ್ಪ ಕೂರುವಾಗ ಹೆಗಲಿಂದ ಜಾರಿ ಗೋಡೆಯ ಮೇಲೆ ಸಿಕ್ಕಿಕೊಂಡಿದ್ದ ಕಂಬಳಿಯ ಅಂಚನ್ನೇ ನೋಡುತ್ತ ಕೂತಳು. ಅದು ಕೊನೆಯವರೆಗೂ ಅಲುಗಲಿಲ್ಲ. ಕತ್ತಲಲ್ಲಿ ಜಂಬಮ್ಮ ಅವಳ ಕೈ ಹಿಡಿದುಕೊಂಡಳು. ಜಂಬಮ್ಮನ ಅಂಗೈ ಒದ್ದೆಯಾಗಿತ್ತು.

"ನಾನು ಯಾರ ಮುಂದೂ ಆಡಿಲ್ಲಮ್ಮ" ಎಂದು ಜಂಬಮ್ಮ ಮೆಲ್ಲಗೆ ಹೇಳಿದಳು. "ನನಗೂ ಒಂದು ಕೂಸು ಹುಟ್ಟಿ ಹೋಗೈತಿ. ಹಾಲು ಕಟ್ಟಿ ಎದಿ ಕಲ್ಲಾಗಿತ್ತು. ಗ್ವಾಡಿಗೆ ಹಿಂಡಿ ಹಾಕ್ತಿದ್ದೆ. ಆ ಮುದುಕ ಹೇಳಿದಂಗ ಯಾರಾದ್ರೂ ಒಂದು ಕೂಸು ತಂದು ಮಗ್ಗಲಾಗ ಮಲಗಿಸಿದ್ರ... ಎಂಥ ಮನುಷ್ಯಾನೋ ಅವನು. ಅವನ ಮಗಳು ಪುಣ್ಯ ಮಾಡ್ಯಾಳ."

ಉರುಕುಂದಮ್ಮ ಕಂಬಳಿಯ ಅಂಚಿನಿಂದ ಕಣ್ಣು ತೆಗೆದು ಜಂಬಮ್ಮನ ಕಡೆ ತಿರುಗಿದಳು. ಆ ಮಗಳು ನಾನೇ ಅಕ್ಕಾ ಎನ್ನಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುವಂತಿರಲಿಲ್ಲ. ಈಗ ಹೇಳಿದರೆ ಮೊದಲು ಆಡಿದ ಸುಳ್ಳಿಗೆ ಏನು ಹೇಳುವುದು? ಹೊಲ, ಮನೆ, ಎತ್ತಿನ ಜೋಡಿ, ಎಲ್ಲಕ್ಕೂ ಏನು ಹೇಳುವುದು? ಹೊರಗೆ ಹೋದ ಮೇಲೆ ಅಪ್ಪನ ಕಾಲು ಹಿಡಿದರಾಯಿತು, ಮನೆಯಲ್ಲಿ ಬಿಸಿನೀರು ಕಾಯಿಸಿ, ಉಣ್ಣಲಿಕ್ಕಿಟ್ಟು ಹೇಳಿಕೊಂಡರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಆಟ ಬಿಟ್ಟಾಗ ಹೊರಗೆ ಕಣ್ಣು ಕುಕ್ಕುವ ಬಿಸಿಲು. ಜಂಬಮ್ಮನ ಜೊತೆ ಬಾಗಿಲಾಚೆ ನಿಂತು ಉರುಕುಂದಮ್ಮ ಮಗಳಿಗೆಂದು ಬೊರುಗು, ಅದೇ ಮಂಡಕ್ಕಿ, ಕೊಂಡು ಕಾಯುತ್ತಿದ್ದಳು. ಗಂಡಸರ ಬಾಗಿಲಿನಿಂದ ಗುಂಪೆಲ್ಲ ಹೋದ ಮೇಲೆ, ಕೊನೆಗೆ, ಅಪ್ಪ ಬಂದ. ಗಾದಿ ಅವನ ಬೆರಳು ಹಿಡಿದಿದ್ದಳು. ಆತ ನೇರ ಅವಳ ಮುಂದೆ ಬರಲಿಲ್ಲ. ಎರಡು ಮಾರು ದೂರದಲ್ಲಿ, ದೊಡ್ಡವರ ಮನೆಯ ಹೆಂಗಸರ ಎದುರು ನಿಲ್ಲುವ ಹಾಗೆ, ಒಂದಿಷ್ಟು ಬಾಗಿ ನಿಂತ.

"ಈ ಕೂಸು ನಿಮ್ಮದೇನ್ರಿ ತಾಯಿ?" ಎಂದು ಕೇಳಿದ. "ಗ್ವಾಡಿ ದಾಟಿ ನನ್ನ ಹಂತೇಕ ಬಂದು ಕುಂತಿತ್ತು. ಕಳಕೊಂಡೀರಿ, ಕರಕೊಳ್ರಿ."

ಜಂಬಮ್ಮನೇ ಮುಂದಾಗಿ ಗಾದಿಯ ಕೈ ಹಿಡಿದುಕೊಂಡಳು. "ನೀನೇ ಅಲ್ಲೇನಪ್ಪಾ ಒಳಗ ಕೂಗಿದಾತ? ದೇವರಂಥ ಮನುಷ್ಯ ನೋಡಮ್ಮಾ, ಕೂಸಿನ್ನ ಎಷ್ಟು ಜ್ವಾಕಿ ಮಾಡ್ಯಾನ! ಬರಿಗೈಲಿ ಕಳಿಸಬ್ಯಾಡ, ಏನಾರ ಕೊಡು ಆತಗ."

ಕೊಡು ಎಂದರೆ ಏನು ಕೊಡುವುದು? ಕೈಯಲ್ಲಿದ್ದದ್ದು ಬೊರುಗಿನ ಪೊಟ್ಟಣ. ತಾನು ಏನು ಮಾಡುತ್ತಿದ್ದೇನೆ ಎಂದು ತಿಳಿಯುವ ಮೊದಲೇ ಅವಳ ಕೈ ಮುಂದೆ ಚಾಚಿತ್ತು. ಅಪ್ಪ ಹೆಗಲ ಮೇಲಿನ ಟವಲಿನ ತುದಿ ಬಿಚ್ಚಿ, ಎರಡೂ ಕೈಯಲ್ಲಿ ಹಿಡಿದು ಒಡ್ಡಿದ. ಅವಳು ಪೊಟ್ಟಣ ಬಿಚ್ಚಿ ಸುರಿದಳು. ನಾಲ್ಕು ಕಾಳು ಮಣ್ಣಿಗೆ ಬಿದ್ದವು. ಆತ ಬಗ್ಗಿ ಅವನ್ನೂ ಆರಿಸಿಕೊಂಡ.

"ನಿಮ್ಮ ಹೊಟ್ಟಿ ತಣ್ಣಗಿರಲಿ ತಾಯಿ" ಎಂದು ಹೇಳಿ, ಮಗಳ ಮುಖ ನೋಡದೆ, ಬಸ್ಸು ನಿಲ್ಲುವ ಕಡೆಗೆ ಹೊರಟ.

"ತಾತಾ! ಮನಿಗೆ ಬಾ ತಾತಾ!" ಗಾದಿ ಕೊಸರಾಡಿದಳು.

"ಯಾರ ತಾತನೋ ಏನೋ ಕೂಸ" ಎಂದಳು ಜಂಬಮ್ಮ, ನಗುತ್ತ. "ಅವರ ಮನಿಯಾಗ ಅವರ ಮೊಮ್ಮಕ್ಕಳು ಕಾಯ್ತಿರ್ತಾರ."

"ಅಲ್ಲ! ನಮ್ಮ ತಾತ! ನಮ್ಮವ್ವನ ಅಪ್ಪ!"

ಜಂಬಮ್ಮನ ನಗು ತುಟಿಯ ಮೇಲೆಯೇ ನಿಂತಿತು. ಅವಳು ನಿಧಾನ ತಿರುಗಿ ಉರುಕುಂದಮ್ಮನ ಮುಖ ನೋಡಿದಳು. ಕೂಸಿನ ಮಾತು, ಕಟ್ಟಿಕೊಳ್ಳಬೇಡಿರಿ ಎಂದಿದ್ದರೆ ಜಂಬಮ್ಮ ನಂಬುತ್ತಿದ್ದಳೋ ಏನೋ. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಉರುಕುಂದಮ್ಮನಿಗೆ ಕಾಣುತ್ತಿದ್ದದ್ದು ಮಣ್ಣಿನಿಂದ ಬೊರುಗು ಆರಿಸಿದ ಆ ಬೆರಳುಗಳು ಮಾತ್ರ. ನಾಚಿಕೆಯಿಂದ ಅವಳ ಮೈ ಸುಡುತ್ತಿತ್ತು. ಬೆಳಗಿನಿಂದ ಪಟ್ಟ ನಾಚಿಕೆ ಇದರ ಮುಂದೆ ಏನೂ ಅಲ್ಲ ಅನ್ನಿಸಿತು. ಸೆರಗು ಜಾರಿದ್ದೂ ತಿಳಿಯದೆ ಬೀದಿಯ ನಡುವಿಗೆ ಬಂದಳು.

"ಅಪ್ಪಾ!" ಎಂದು ಕೂಗಿದಳು. "ಅಪ್ಪಾ, ನಿಂದ್ರು!"

ಬೀದಿಯಲ್ಲಿ ಹೋಗುತ್ತಿದ್ದ ಮೂರು ನಾಲ್ಕು ಮಂದಿ ಗಂಡಸರು ತಮ್ಮನ್ನೇ ಕರೆದರೇನೋ ಎಂದು ತಿರುಗಿ ನೋಡಿದರು. ಕಂಬಳಿಯ ಮುದುಕ ಮಾತ್ರ ತಿರುಗಲಿಲ್ಲ. ಟವಲಿನ ಗಂಟನ್ನು ಎದೆಗೆ ಹಿಡಿದುಕೊಂಡು, ಎದುರು ಬರುತ್ತಿದ್ದ ಹತ್ತಿಯ ಬಂಡಿಗಳಿಗೆ ದಾರಿ ಬಿಟ್ಟು, ರಸ್ತೆಯ ಅಂಚು ಹಿಡಿದು ನಡೆಯುತ್ತಿದ್ದ.