ಎಡಗಡೆಯ ಗಡಿಯಾರ

"ಎತ್ಬೇಡ್ರೋ, ತಿರುಗ್ಸಿ! ಕಾಲಿನ ಕಡೆ ಮೊದ್ಲು!"

ಮುಂದೆ ಹೆಗಲು ಕೊಟ್ಟಿದ್ದ ಚೆನ್ಸು ಕೂಗುವಷ್ಟರಲ್ಲಿ ಶವಪೆಟ್ಟಿಗೆ ಮೆಟ್ಟಿಲುಬೀದಿಯ ತಿರುವಿನಲ್ಲಿ ಸಿಕ್ಕಿಕೊಂಡಾಗಿತ್ತು. ಹೊತ್ತವರು ಆರು ಮಂದಿ. ಆರೂ ಜನರ ವಯಸ್ಸು ಕೂಡಿಸಿದರೆ ನಾನೂರೈವತ್ತು ವರ್ಷ ಹಳೆಯ ವಲೆಟ್ಟಾ ನಗರಕ್ಕಿಂತ ಹೆಚ್ಚು. ಮೇಲಿನ ಹಸಿರು ಬಾಲ್ಕನಿಯಿಂದ ಮುದುಕಿಯೊಬ್ಬಳು ಇಣುಕಿದಳು.

"ಚರ್ಚು ಆ ಕಡೆ ಅಲ್ವೇನ್ರೋ ಮುಠ್ಠಾಳ್ರಾ? ಹೆಣ ಹೊತ್ಕೊಂಡು ಊರು ನೋಡ್ತಿದೀರಾ?"

"ಹೂಂ ಅಜ್ಜಿ, ಊರೇ ನೋಡ್ತಿದೀವಿ. ಒಳಗಿರೋನು ವಿಸ್ಟಿನ್," ಎಂದ ಚೆನ್ಸು.

ಮುದುಕಿ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು. "ಹಾಗಾದ್ರೆ ಎಡಕ್ಕೆ ತಿರುಗ್ಸಿ. ಪಿಯಾನೋನೂ ಹಾಗೇ ಇಳಿಸಿದ್ದು."

ವಿಸ್ಟಿನನ ಮಗಳು ಜೊರ್ಜಿನಾ ಕೈಗಡಿಯಾರ ನೋಡಿಕೊಂಡಳು. ಹತ್ತೂವರೆ. ಆಗಿದ್ದು ಮೂರೇ ನಿಲುಗಡೆ, ಉಳಿದದ್ದು ನಾಲ್ಕು. ಏಳೂ ನಿಲುಗಡೆ ಸುತ್ತಿಸಿಯೇ ಮಣ್ಣಿಗೆ ಕಳಿಸುತ್ತೇನೆ ಎಂದು ಅಪ್ಪನ ಕೈ ಹಿಡಿದು ಮಾತು ಕೊಟ್ಟಿದ್ದಳು. ಪಾದ್ರಿ ದುನ್ ಸಾಲ್ವು ಬೆಳಿಗ್ಗೆ ಎಂಟಕ್ಕೇ ಬೆರಳೆತ್ತಿ ಹೇಳಿದ್ದರು: "ಹತ್ತಕ್ಕೆ ಚೌಕದ ಚರ್ಚಲ್ಲಿ ಸಾವಿನ ಬಲಿಪೂಜೆ. ತಪ್ಪಿದ್ರೆ ಬೀಗ ಹಾಕ್ಕೊಂಡು ಹೋಗ್ತೀನಿ. ನಂಗೆ ಬೇರೆ ಊರಲ್ಲಿ ಮಗೂಗೆ ಜ್ಞಾನಸ್ನಾನ ಇದೆ."

"ಚೆನ್ಸು ಮಾಮ, ಇಲ್ಲಿಂದ್ಲೇ ನೇರ ಹೋಗ್ಬಿಡೋಣ್ವಾ?"

"ನಿಮ್ಮಪ್ಪ ಎದ್ದು ಬಂದು ಒದೀತಾನೆ, ಮಗಳೇ. ಹೊರ್ರೋ!"

* * *

ವಲೆಟ್ಟಾದಲ್ಲಿ ಕಲ್ಲೆಸೆದರೆ ಚರ್ಚಿಗೆ ಬಡಿದು, ಅಲ್ಲಿಂದ ಪುಟಿದು ಮ್ಯೂಸಿಯಮ್ಮಿನ ಗಾಜು ಒಡೆಯುತ್ತದೆ. ಅಂಥದೊಂದು ಮ್ಯೂಸಿಯಮ್ಮಿನ ಬಾಗಿಲಲ್ಲಿ ವಿಸ್ಟಿನ್ ಮೂವತ್ತೆಂಟು ವರ್ಷ ಕಾವಲು ಕೂತಿದ್ದ. ಅವನು ಕೂತ ಬಿರುಸಿಗೆ ಮೂರು ಕುರ್ಚಿ ಸವೆದವು, ಅವನು ಸವೆಯಲಿಲ್ಲ. ಕೊಡೆ ಎತ್ತಿ ಹಿಡಿದವನ ಹಿಂದೆ ಕುರಿಗಳಂತೆ ಓಡುವ ಪ್ರವಾಸಿಗಳನ್ನು ಕಂಡರೆ ಮಾತ್ರ ಅವನ ಮೈ ಉರಿಯುತ್ತಿತ್ತು. ಕೊನೆಗೊಂದು ದಿನ ತಾನೇ ಒಂದು ಹಾಳೆ ಬರೆದ. ಮೂರು ಮ್ಯೂಸಿಯಂ, ನಾಲ್ಕು ಚರ್ಚು, ಮಧ್ಯೆ ಬಾಣದ ಗುರುತು. 'ಯಾರ ಹಿಂದೆಯೂ ಹೋಗಬೇಡಿ. ಪ್ರತಿ ನಿಲುಗಡೆಯಲ್ಲೂ ಐದು ನಿಮಿಷ ಸುಮ್ಮನೆ ಕೂರಿ.' ಮುನ್ನೂರು ಪ್ರತಿ ಕೈಯಲ್ಲೇ ಬರೆದು ನಡಿಗೆ ಶುರುವಾಗಿ ಮುಗಿಯುವ ಚೌಕದ ಚರ್ಚಿನ ಬಾಗಿಲಲ್ಲಿ ಕಲ್ಲು ಹೇರಿ ಇಟ್ಟ.

ಪಸ್ತಿಜ್ಜಿ ಕಡುಬಿನಂಗಡಿಯ ಚೆನ್ಸು ಅದನ್ನು ಓದಿ, ಬಾಯಲ್ಲಿದ್ದ ಕಡುಬಿನ ಗಿಣ್ಣೆಲ್ಲ ಹೊರಬರುವಂತೆ ನಕ್ಕ.

"ಏನೋ ಇದು? 'ಎಡಗಡೆಯ ಗಡಿಯಾರ ಹತ್ತು ತೋರಿಸಿದಾಗ ಹೊರಡಿ' ಅಂತ ಬರ್ದಿದೀಯಾ! ಎಡಗಡೇದು ಬಣ್ಣದ್ದಲ್ವೇನೋ?"

ವಿಸ್ಟಿನ್ ತಲೆಯೆತ್ತಿ ನೋಡಿದ. ಅಲ್ಲಿನ ಹಲವು ಚರ್ಚುಗಳಂತೆ ಆ ಚರ್ಚಿಗೂ ಎರಡು ಗಡಿಯಾರ. ಬಲಗಡೆಯದು ನಿಜವಾದದ್ದು, ಎಡಗಡೆಯದು, ಪೂಜೆಯ ಹೊತ್ತು ತಿಳಿಯದೆ ಸೈತಾನ ತಬ್ಬಿಬ್ಬಾಗಲಿ ಎಂದು ಹಿರಿಯರು ಗೋಡೆಯ ಮೇಲೆ ಬರೆಸಿದ್ದು. ಅದರ ಮುಳ್ಳು ನೂರಾರು ವರ್ಷಗಳಿಂದ ಹತ್ತರ ಮೇಲೇ ಇದೆ.

"ಇನ್ನೊಂದು ಸಲ ಮುನ್ನೂರು ಬರೀಬೇಕಲ್ಲೋ," ಎಂದು ವಿಸ್ಟಿನ್ ತಲೆಯ ಮೇಲೆ ಕೈ ಹೊತ್ತ.

ಅಷ್ಟರಲ್ಲಿ ಪರದೇಶದ ದಂಪತಿ ಏದುಸಿರು ಬಿಡುತ್ತ ಬಂದರು. ಆಗ ಮಧ್ಯಾಹ್ನ ನಾಲ್ಕು. ಹಾಳೆ ಓದಿ, ಗೋಡೆ ನೋಡಿ, "ಸರಿಯಾದ ಹೊತ್ತಿಗೇ ಬಂದ್ವಿ!" ಎಂದು ಕೈಕೈ ಹಿಡಿದು ಹೊರಟೇಬಿಟ್ಟರು.

ವಿಸ್ಟಿನ್ ಹಾಳೆ ತಿದ್ದಲಿಲ್ಲ. ಇಪ್ಪತ್ತು ವರ್ಷದಲ್ಲಿ ಅರ್ಧ ಪ್ರಪಂಚ ಆ ಹಾಳೆ ಹಿಡಿದು ನಡೆಯಿತು. ಇನ್ನರ್ಧಕ್ಕೆ ಮಂಡಿ ನೋವಿತ್ತು.

* * *

ಐದನೇ ನಿಲುಗಡೆ ಅವನದೇ ಮ್ಯೂಸಿಯಂ. ಹಳೆಯ ಜೊತೆಗಾರರು ಅವನ ಕುರ್ಚಿಯನ್ನು ಬೀದಿಗೆ ತಂದು ಪೆಟ್ಟಿಗೆಯ ಪಕ್ಕ ಇಟ್ಟರು. ಎಲ್ಲರೂ ನೆಲದ ಮೇಲೆ ಐದು ನಿಮಿಷ ಕೂತರು. ಕುರ್ಚಿಯ ಮೆತ್ತೆಯಲ್ಲಿ ಇನ್ನೂ ವಿಸ್ಟಿನನ ಗುಣಿ ಇತ್ತು. ಅದರಲ್ಲಿ ಯಾರೂ ಕೂರಲಿಲ್ಲ.

"ಬದುಕಿದ್ದಾಗ ಇಷ್ಟು ತೂಕ ಇರ್ಲಿಲ್ಲ ಕಣೋ," ಎಂದ ಹೊತ್ತವರಲ್ಲಿ ಒಬ್ಬ.

"ದಿನಾ ನನ್ನಂಗ್ಡಿಗೆ ಬರ್ತಿದ್ನಲ್ಲ, ಅದೇ ತೂಕ," ಎಂದ ಚೆನ್ಸು. ಆಮೇಲೆ ಕರವಸ್ತ್ರದಲ್ಲಿ ಮುಖ ಒರೆಸಿಕೊಂಡ, ಬೆವರಿಲ್ಲದ ಕಡೆಯೂ.

ಆರನೆಯದನ್ನೂ ಮುಗಿಸಿ ಚೌಕಕ್ಕೆ ಮರಳಿದಾಗ ಎರಡು ಗಡಿಯಾರದ ಚರ್ಚಿನ ಬಾಗಿಲಿಗೆ ಬೀಗ ಬಿದ್ದಿತ್ತು. ಕಂಬದ ಮರೆಯಿಂದ ದುನ್ ಸಾಲ್ವು ಹೊರಬಂದರು. ಮುಖ ಕಾದ ಬಾಣಲೆ, ಕೈಯಲ್ಲಿ ಮೊಳದುದ್ದದ ಬೀಗದ ಕೈ.

"ಗಂಟೆ ಎಷ್ಟು ಗೊತ್ತೇನಮ್ಮ?"

ಜೊರ್ಜಿನಾ ಕೈಗಡಿಯಾರದ ಮೇಲೆ ಅಂಗೈ ಮುಚ್ಚಿದಳು. ಹೆಗಲ ಮೇಲೆ ಪೆಟ್ಟಿಗೆ ಇದ್ದಂತೆಯೇ ಚೆನ್ಸು ಗಲ್ಲವನ್ನು ಗೋಡೆಯ ಕಡೆಗೆತ್ತಿದ.

"ಹತ್ತು, ಪಾದ್ರಿಗಳೇ."

ಸರಿಯಾಗಿ ಅದೇ ಗಳಿಗೆಗೆ ಬಂದರಿನ ಕೋಟೆಯಿಂದ ದಿನದಂತೆ ನಡುಹಗಲು ಹನ್ನೆರಡರ ತೋಪು ಹಾರಿತು. ಕಡಲಾಚೆಯ ಸಿಸಿಲಿಯ ಬೆಕ್ಕುಗಳೂ ಬೆಚ್ಚಿಬಿದ್ದಿರಬೇಕು. ವಿಸ್ಟಿನನನ್ನು ಕಳಿಸಲು ಚೌಕದಲ್ಲಿ ಕೂಡಿದ್ದ ನೂರಾರು ಮಂದಿಯಲ್ಲಿ ಒಬ್ಬರಿಗೂ ಅದು ಕೇಳಿಸಲಿಲ್ಲ. ಎಲ್ಲರೂ ಎಡಗಡೆಯ ಗಡಿಯಾರವನ್ನೇ ನೋಡುತ್ತಿದ್ದರು.

ದುನ್ ಸಾಲ್ವು ಕೂಡ ತಲೆಯೆತ್ತಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಬೀಗ ತೆಗೆದರು. ಆದರೆ ಒಳಗೆ ಹೋಗಲಿಲ್ಲ.

"ಇದು ಏಳನೇದು ತಾನೆ? ಇಳಿಸಿ," ಎಂದರು. ನಿಲುವಂಗಿಯನ್ನು ಮಂಡಿಯ ಮೇಲೆ ಸರಿಸಿಕೊಂಡು, ಪೆಟ್ಟಿಗೆಯ ಪಕ್ಕದ ಬಿಸಿಲುಮೆಟ್ಟಿಲ ಮೇಲೆ ಸುಮ್ಮನೆ ಕೂತರು.