ಮಾಳಮಡ್ಡಿಯ ಬಾಡಿಗೆ ಬೋರ್ಡು

ನಾನು ಒಂದು ಸಾಗವಾನಿ ಹಲಗೆ. ಧಾರವಾಡದ ಮಾಳಮಡ್ಡಿಯಲ್ಲಿ ವತ್ಸಲಾಬಾಯಿ ಕಟ್ಟಿಯವರ ಮನೆಗೆ ತಲೆಬಾಗಿಲು ಮಾಡಿ ಉಳಿದ ತುಂಡು. ಬಾಗಿಲಾದ ಅಣ್ಣನಿಗೆ ದಿನಾ ಅರಿಸಿನ, ಕುಂಕುಮ. ನನ್ನ ಮೇಲೆ ‘ಮಹಡಿ ಮನೆ ಬಾಡಿಗೆಗೆ ಇದೆ’ ಎಂದು ಬರೆಸಿ ಗೇಟಿಗೆ ಕಟ್ಟಿದರು. ಹೊಟ್ಟೆಕಿಚ್ಚು ನನಗೆ ಹುಟ್ಟಿನಿಂದಲೇ ಬಂದದ್ದು.

ಆದರೂ ಗೇಟಿನ ಮೇಲೆ ಸುಖವಿತ್ತು. ನಮ್ಮದು ಗದ್ದಲವಿಲ್ಲದ ಓಣಿ. ಬೆಳಿಗ್ಗೆ ಒಂದು ಮನೆಯಿಂದ ತಂಬೂರಿ, ಸಂಜೆ ಇನ್ನೊಂದರಿಂದ ತಬಲಾ. ಆದರೆ ಬಾಡಿಗೆಯವರು ಬಂದರೆ ಸಾಕು, ನನ್ನನ್ನು ಬಿಚ್ಚಿ ಬಚ್ಚಲ ಒಲೆಯ ಕಟ್ಟಿಗೆ ರಾಶಿಯ ಮೇಲೆ ಒಗೆಯುತ್ತಿದ್ದರು. ನನ್ನ ಜಾಗದಲ್ಲಿ ಯಾರದೋ ಹೆಸರಿನ ಫಲಕ ಹಾಡು ಕೇಳುತ್ತ ಕೂರುತ್ತಿತ್ತು, ನಾನು ಹೊಗೆ ಕುಡಿಯುತ್ತಿದ್ದೆ. ಆ ಫಲಕಗಳನ್ನು ಕಂಡರೆ ನನಗಾಗುತ್ತಿರಲಿಲ್ಲ.

ಒಂದು ವರ್ಷ ಸಿತಾರ ಕಲಿಸುವ ಮಂದಾಕಿನಿ ಹೂಗಾರ ಮನೆ ಹಿಡಿದಳು. ಆಷಾಢದಲ್ಲಿ ಮನೆ ಬದಲಿಸಬಾರದೆಂದು ಅದು ಹಿಡಿಯುವ ಮುನ್ನಾದಿನವೇ ಬಂದು ಹಾಲು ಉಕ್ಕಿಸಿ, ತನ್ನ ಹಿತ್ತಾಳೆ ಫಲಕವನ್ನು ತಂತಿಯಿಂದ ಗೇಟಿಗೆ ಕಟ್ಟಿ, ಶ್ರಾವಣಕ್ಕೆ ಬರುತ್ತೇನೆಂದು ಹೋದಳು. ಆ ಗಡಿಬಿಡಿಯಲ್ಲಿ ವತ್ಸಲಾಬಾಯಿ, ಓಣಿಗೆಲ್ಲ ಅವರು ಕಾಕು, ನನ್ನನ್ನು ಬಿಚ್ಚುವುದನ್ನೇ ಮರೆತರು.

ಒಂದು ತಿಂಗಳು ನಾನೂ ಆ ಫಲಕವೂ ಅಕ್ಕಪಕ್ಕ. ಅದರ ಮಿಂಚೇನು, ಗತ್ತೇನು! ಹೂ ಮಾರುವವಳು ಕೂಡ ಅದರಲ್ಲಿ ಮುಖ ನೋಡಿ ಕುಂಕುಮ ಸರಿಮಾಡಿಕೊಳ್ಳುತ್ತಿದ್ದಳು. ಮಳೆಗೆ ಅದಕ್ಕೆ ಕಿಲುಬು ಹಿಡಿಯಲಿ ಎಂದು ದಿನಾ ಬೇಡಿಕೊಂಡೆ.

ಶ್ರಾವಣದಲ್ಲಿ ಟೆಂಪೊ ಬಂತು. ಸಿತಾರ ಅಪ್ಪಿಕೊಂಡು ಇಳಿದ ಮಂದಾಕಿನಿ ನನ್ನನ್ನು ಕಂಡದ್ದೇ ಬಿಳಿಚಿಕೊಂಡಳು. ಹಳೆಯ ಮನೆಯ ಕೀಲಿ ಕೊಟ್ಟು ಬಂದಾಗಿತ್ತು.

‘ಕಾಕೂ, ಮನಿ ಬ್ಯಾರೇದವ್ರಿಗೆ ಕೊಡಾಕತ್ತೀರೇನ್ರಿ?’

‘ಅಯ್ಯ, ಇಲ್ಲವಾ! ಬೋರ್ಡ್ ತಗಿಯೂದು ಮರತಬಿಟ್ಟೆ. ಸುಡಗಾಡು ಹಲಗಿ, ಇವತ್ತ ಒಲಿಗೆ ಹಾಕ್ತೀನಿ!’

ಕಾಕು ನನ್ನನ್ನು ಕಿತ್ತೇಬಿಟ್ಟರು. ಹಿತ್ತಿಲಲ್ಲಿ ಒಲೆ ಉರಿಯುತ್ತಿತ್ತು. ಹುಟ್ಟಿದಾಗಿನಿಂದ ಮೊದಲ ಸಲ ನನಗೆ ಯಾರ ಮೇಲೂ ಹೊಟ್ಟೆಕಿಚ್ಚಾಗಲಿಲ್ಲ. ಬರೀ ಹೆದರಿಕೆ.

ಮಂದಾಕಿನಿ ನನ್ನ ಬೆನ್ನು ತಟ್ಟಿ ನೋಡಿದಳು. ‘ಬ್ಯಾಡ್ರಿ ಕಾಕು, ಚೊಲೊ ಸಾಗವಾನಿ ಐತಿ. ನನ್ನ ಹೆಸರಿನ ಪಾಟಿ ಗಾಳಿಗೆ ಬಡಕೊಳ್ಳಾಕತ್ತೈತಿ. ಇದರ ಮ್ಯಾಲ ಬಡದ್ರ ಗಟ್ಟಿ ಕುಂದರ್ತೈತಿ.’

ಹೀಗೆ ಹಿತ್ತಾಳೆಯನ್ನು ನನ್ನ ಬೆನ್ನಿಗೇ ನಾಲ್ಕು ಮೊಳೆಗಳಿಂದ ಬಡಿದು, ಇಬ್ಬರನ್ನೂ ಗೇಟಿಗೆ ಕಟ್ಟಿದರು. ಅದಾಗಿ ಹನ್ನೊಂದು ವರ್ಷ. ಒಳಮುಖಕ್ಕಿರುವ ನನ್ನ ಅಕ್ಷರಗಳು ಅಳಿಸಿಹೋಗಿವೆ, ಅಂಚನ್ನು ಹುಳು ತಿಂದಿದೆ. ದಿನಾ ಸಂಜೆ ಮಹಡಿಯಿಂದ ಸಿತಾರ ಕೇಳುತ್ತದೆ. ಬಂದವರು ‘ಎಷ್ಟು ಚಂದದ ಫಲಕ’ ಎನ್ನುತ್ತಾರೆ. ಈಗಲೂ ನನಗೆ ಉರಿಯುತ್ತದೆ. ಆದರೆ ಆ ಹಿತ್ತಾಳೆ ಕಳಚಿ ಬಿದ್ದ ದಿನ ನಾನು ಒಲೆಗೆ. ಅದಕ್ಕೇ ನಾಲ್ಕೂ ಮೊಳೆಗಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದೇನೆ.