ಕೂಗೋ ನೀರು ಕುದ್ದಿರಲ್ಲ

ಕೆಲವು ವಾರಗಳಿಂದ ನಮ್ಮ ಮನೆಯ ಚಹಾ ಕಲಗಚ್ಚಿನಂತಾಗಿತ್ತು. ಪುಡಿ ಬದಲಾಯಿಸಿದೆ, ಕೆಟಲ್ ಉಜ್ಜಿ ತೊಳೆದೆ. ಬಣ್ಣವೂ ಇಲ್ಲ, ಘಮವೂ ಇಲ್ಲ. ಮಾವನವರಿಗೆ ಹೇಳುವುದಾದರೂ ಹೇಗೆ? ಬೆಳಗಿನ ಚಹಾ ಅವರದೇ ಖಾತೆ. ನನ್ನ ಗಂಡ ಬೆಳಕು ಹರಿಯುವ ಮುಂಚೆಯೇ ಬಸ್ ಡಿಪೋಗೆ ಹೋಗಿರುತ್ತಾರೆ. ನಾನು ಡಬ್ಬಿ ಕಟ್ಟಿ, ಮಗಳು ಗುಬ್ಬಿಗೆ ಜಡೆ ಹಾಕಿ, ಹೊಲಿಗೆ ಕಾರ್ಖಾನೆಯ ಗೇಟು ಮುಚ್ಚುವುದರೊಳಗೆ ಓಡಬೇಕು. ಅವಳನ್ನು ದೊಡ್ಡ ರಸ್ತೆ ದಾಟಿಸಿ ಶಾಲೆಗೆ ಬಿಡುವವರೂ ಮಾವನವರೇ.

ನೀರು ಕಾಯಿಸುವುದರಲ್ಲಿ ಅವರದು ಪಳಗಿದ ಕೈ. "ಬೊಗಳೋ ನಾಯಿ ಕಚ್ಚಲ್ಲ, ಕೂಗೋ ನೀರು ಕುದ್ದಿರಲ್ಲ ಕಣಮ್ಮ," ಎನ್ನುತ್ತಿದ್ದರು. ಕೆಟಲ್ ಮೊದಲು ಗುಂಯ್‌ಗುಡುತ್ತದೆ, ಆಮೇಲೆ ಭೋರಿಡುತ್ತದೆ. ನಿಜವಾದ ಕುದಿ ಬಂದಾಗ ಆ ಗದ್ದಲ ತಗ್ಗುತ್ತದೆ. ತಗ್ಗಿದ ಕೂಡಲೇ ಪುಡಿಯ ಮೇಲೆ ಸುರಿಯಬೇಕು. ಮುಂಚೆ ಸುರಿದರೆ ಪುಡಿ ಬಣ್ಣ ಬಿಡುವುದಿಲ್ಲ, ಕುದಿಸುತ್ತಲೇ ಇದ್ದರೆ ನೀರು ಸಪ್ಪೆ. ಮಾವ ಎಂದೂ ಮುಚ್ಚಳ ತೆಗೆದು ನೋಡಿದವರಲ್ಲ. ಬೆನ್ನು ತಿರುಗಿಸಿ ನಿಂತು ಕಿವಿಯಲ್ಲೇ ಅಳೆಯುತ್ತಿದ್ದರು.

ಇಂದು ಬೆಳಿಗ್ಗೆ ಒಂದು ಕಾಲಿಗೆ ಚಪ್ಪಲಿ ಮೆಟ್ಟಿ, ಇನ್ನೊಂದನ್ನು ಹುಡುಕುತ್ತ ಅಡುಗೆಮನೆಗೆ ನುಗ್ಗಿದೆ. ಕೆಟಲ್ ಭೋರಿಡುತ್ತಿತ್ತು. ಮಾವ ಒಲೆ ಆರಿಸಿ ನೀರು ಸುರಿಯತೊಡಗಿದರು.

"ಮಾವ, ಇನ್ನೂ ಕೂಗ್ತಿತ್ತಲ್ಲ!"

ಅವರು ತಿರುಗಲಿಲ್ಲ. ಲೋಟ ಹಿಡಿದು ಹೊರಟಾಗಲೇ ನನ್ನನ್ನು ಕಂಡು ಬೆಚ್ಚಿದರು. "ನೋಡು, ನೀರು ಸುಮ್ಮನಾದ ತಕ್ಷಣ ಹಾಕಿದೀನಿ. ಯಾರೂ ಹೆಸರಿಡೋ ಹಾಗಿಲ್ಲ."

ನೀರು ಸುಮ್ಮನಾಗಿರಲೇ ಇಲ್ಲ. ಚಹಾ ಹಾಳಾಗಲಿ, ನನ್ನ ಕಣ್ಣ ಮುಂದೆ ಬಂದದ್ದು ಆ ದೊಡ್ಡ ರಸ್ತೆ, ತಿರುವಿನಲ್ಲಿ ಹಾರ್ನ್ ಹೊಡೆಯುತ್ತ ಬರುವ ಲಾರಿಗಳು.

ಗುಬ್ಬಿಯನ್ನು ಬಾಗಿಲ ಮರೆಗೆ ಎಳೆದೆ. "ಅಜ್ಜ ರಸ್ತೆ ಹೇಗೆ ದಾಟಿಸ್ತಾರೆ?"

"ಅಜ್ಜ ಎಲ್ಲಿ ದಾಟಿಸ್ತಾರೆ? ನಾನೇ ದಾಟಿಸೋದು! ಹಾರ್ನ್ ಕೇಳಿದ್ರೆ ಕೈ ಹಿಂಡ್ತೀನಿ, ಅಜ್ಜ ನಿಲ್ತಾರೆ. ನಿಂಗೆ ಗೊತ್ತಾದ್ರೆ ನೀನು ಕೆಲಸ ಬಿಡ್ಬೇಕಾಗತ್ತಂತೆ."

ಮೇಲ್ವಿಚಾರಕನಿಗೆ ಫೋನ್ ಮಾಡಿ ರಜೆ ಕೇಳಿದೆ. ಬೈದ, ಬೈಸಿಕೊಂಡೆ. ಕೆಟಲಿಗೆ ಹೊಸ ನೀರು ತುಂಬಿ ಒಲೆಗಿಟ್ಟು, ಮಾವನವರ ಮುಖಕ್ಕೆ ಮುಖ ಕೊಟ್ಟು ನಿಂತೆ. "ಶಾಲೆಗೆ ಮೂವರೂ ಹೋಗೋಣ. ಅಲ್ಲಿಂದ ನೇರ ಕಿವಿ ಡಾಕ್ಟರ ಹತ್ರ."

"ಅಯ್ಯೋ, ನಿನ್ನ ಕಿವಿಗೇನಾಯ್ತಮ್ಮ?"

ನಾನು ನಗಲಿಲ್ಲ. ಗುಬ್ಬಿ ಮೆಲ್ಲನೆ ಅವರ ಕೈ ಹಿಂಡಿದಳು. ಮಾವನವರ ಮುಖ ಬಾಡಿತು.

"ಕೆಲಸ ಮಾತ್ರ ಬಿಡ್ಬೇಡ ಕಣಮ್ಮ."

"ಬಿಡಲ್ಲ. ದಾರಿ ಹುಡುಕೋಣ. ಮೊದಲು ಚಹಾ. ಮುಚ್ಚಳ ತೆಗೆದು ನೋಡಿ ಹಾಕಿ."

ಅವರು ಬಗ್ಗಿ ನೋಡಿದರು. ಸಣ್ಣ ಗುಳ್ಳೆ. ಮುಚ್ಚಿದರು. ಮತ್ತೆ ತೆಗೆದರು.

"ಹೀಗೆ ತೆಗೀತಾ ಇದ್ರೆ ಎಲ್ಲಿ ಕುದಿಯತ್ತೆ ಅಜ್ಜ!" ಗುಬ್ಬಿ ಗದರಿದಳು.

ನಾನಿನ್ನೂ ಒಂದೇ ಚಪ್ಪಲಿಯಲ್ಲಿ ನಿಂತಿದ್ದೆ.